ಯಾತ್ರೆಗೆ ಮುಂಚೆ ‘ನೀರಿನ ಇಂಜೆಕ್ಷನ್’ ಹಾಕಿಸಿದರೆ ಎಲ್ಲಿ ಏನು ಕುಡಿದರೂ ನಡೆಯುತ್ತಾ?

ಬೇಸಿಗೆ ರಜೆಯೋ ಚಾರ್‌ಧಾಮ್ ಸೀಸನ್ನೋ ಹತ್ತಿರ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು ಹೀಗಿರುತ್ತದೆ: “ಯಾತ್ರೆಗೆ ಹೋಗುವವರು ತಪ್ಪದೇ ನೀರಿನ ಇಂಜೆಕ್ಷನ್ ಹಾಕಿಸಿಕೊಳ್ಳಿ. ಆಮೇಲೆ ಎಲ್ಲಿ ಏನು ತಿಂದರೂ ಕುಡಿದರೂ ಭಯವಿಲ್ಲ.” ಇನ್ನೊಂದು ಇದಕ್ಕೆ ತದ್ವಿರುದ್ಧ: “ಲಸಿಕೆ ಎಲ್ಲಾ ಫಾರಿನ್‌ನವರಿಗೆ. ನಮ್ಮ ಹೊಟ್ಟೆ ಚಿಕ್ಕಂದಿನಿಂದಲೇ ಎಲ್ಲಾ ನೀರಿಗೂ ಒಗ್ಗಿಹೋಗಿದೆ. ಬೆಳಿಗ್ಗೆ ಎರಡು ಎಸಳು ಬೆಳ್ಳುಳ್ಳಿ, ತಾಮ್ರದ ಬಾಟಲಿಯ ನೀರು ಇದ್ದರೆ ಸಾಕು.”

ನಾವು ಎರಡನ್ನೂ ಬಿಡಿಸಿ ನೋಡಿದ್ದೇವೆ. ಎರಡರಲ್ಲೂ ಒಂದೊಂದು ಚೂರು ನಿಜ ಇದೆ. ಆ ಚೂರು ಇರುವುದರಿಂದಲೇ ಓದಿದವರಿಗೆ ಪೂರ್ತಿ ಸಂದೇಶ ಸರಿ ಅನಿಸಿಬಿಡುತ್ತದೆ.

‘ನೀರಿನ ಇಂಜೆಕ್ಷನ್’ ಅಂತ ಒಂದು ಇದೆಯೇ?

ಇಲ್ಲ. ಕೊಳಕು ನೀರು, ಕೊಳಕು ಕೈ, ಅರೆಬೆಂದ ಆಹಾರದಿಂದ ಬರುವ ರೋಗಗಳಿಗೆ ಬೇರೆಬೇರೆ ರೋಗಾಣುಗಳು ಕಾರಣ. ಒಂದೊಂದಕ್ಕೆ ಒಂದೊಂದು ಲಸಿಕೆ ಬೇಕು. ಪ್ರಯಾಣಿಕರ ವಿಷಯದಲ್ಲಿ ಮಾತಿಗೆ ಬರುವುದು ಮುಖ್ಯವಾಗಿ ನಾಲ್ಕು: ಟೈಫಾಯ್ಡ್, ಹೆಪಟೈಟಿಸ್ ಎ, ಕಾಲರಾ ಮತ್ತು ಪೋಲಿಯೊ.

ಪ್ರವಾಸದಲ್ಲಿ ಅತಿ ಹೆಚ್ಚು ಜನರನ್ನು ಕಾಡುವುದು ಮಾತ್ರ ಈ ನಾಲ್ಕೂ ಅಲ್ಲ. ಎರಡು ಮೂರು ದಿನ ರೂಮು ಬಿಟ್ಟು ಹೊರಡದ ಹಾಗೆ ಮಾಡುವ ಸಾದಾ ಭೇದಿ ಅದು. ಅದರ ಹಿಂದೆ ಹೆಚ್ಚಾಗಿ ಇರುವುದು ಇ. ಕೋಲಿ ಬ್ಯಾಕ್ಟೀರಿಯಾದ ಕೆಲವು ತಳಿಗಳು. ಕೆಲವೊಮ್ಮೆ ನೊರೊವೈರಸ್, ಅಮೀಬಾ, ಜಿಯಾರ್ಡಿಯಾ. ಇವುಗಳಲ್ಲಿ ಯಾವುದಕ್ಕೂ ನಮ್ಮ ಕ್ಲಿನಿಕ್ಕುಗಳಲ್ಲಿ ಲಸಿಕೆ ಸಿಗುವುದಿಲ್ಲ. ಪುಟ್ಟ ಮಕ್ಕಳಿಗೆ ಹಾಕುವ ರೋಟಾವೈರಸ್ ಹನಿ ಇದೆ ನಿಜ, ಆದರೆ ಅದು ಎಳೆ ಕೂಸುಗಳಿಗೆ, ಅದೂ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇರುವಂಥದ್ದು. ಯಾತ್ರೆಗೆ ಹೊರಟ ದೊಡ್ಡವರಿಗೆ ಅದರ ಸಂಬಂಧವಿಲ್ಲ.

ಹಾಗಾಗಿ “ಆಮೇಲೆ ಏನು ಕುಡಿದರೂ ಭಯವಿಲ್ಲ” ಅನ್ನುವುದು ತಪ್ಪು. ನಾಲ್ಕೂ ಲಸಿಕೆ ಹಾಕಿಸಿಕೊಂಡವರಿಗೂ ರಸ್ತೆಬದಿಯ ಐಸ್ ಹಾಕಿದ ಕಬ್ಬಿನಹಾಲಿನಿಂದ ಭೇದಿ ಬರಬಹುದು. ಲಸಿಕೆ ತಡೆಯುವುದು ಪಟ್ಟಿಯಲ್ಲಿರುವ ಕೆಲವನ್ನು ಮಾತ್ರ. ಆದರೆ ಆ ಕೆಲವೇ ಜನರನ್ನು ವಾರಗಟ್ಟಲೆ ಮಲಗಿಸುವ, ಕೆಲವೊಮ್ಮೆ ಜೀವಕ್ಕೇ ಕುತ್ತು ತರುವ ರೋಗಗಳು.

ಟೈಫಾಯ್ಡ್: ಮೊದಲು ಕೇಳಬೇಕಾದ ಲಸಿಕೆ

ನಮ್ಮ ದೇಶದೊಳಗೇ ಓಡಾಡುವವರಿಗೂ ಒಂದು ಲಸಿಕೆ ಅಂತ ಹೇಳುವುದಾದರೆ ನಾವು ಮೊದಲು ಟೈಫಾಯ್ಡ್ ಹೆಸರು ಹೇಳುತ್ತೇವೆ. ಕಾರಣ ಎರಡು. ರೋಗ ನಮ್ಮಲ್ಲಿ ಧಾರಾಳವಾಗಿದೆ, ಮತ್ತು ಅದರ ಔಷಧಿಗಳು ಒಂದೊಂದಾಗಿ ಕೈಕೊಡುತ್ತಿವೆ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಕಣ್ಣುಮುಚ್ಚಿ ಬರೆಯುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಭಾರತದ ಬಹುಪಾಲು ತಳಿಗಳ ಮೇಲೆ ಈಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ತಳಿ ಇನ್ನೂ ಗಟ್ಟಿ. ಅದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ಆ ದೇಶ 2019ರಲ್ಲಿ ಸಿಂಧ್‌ನಿಂದಲೇ ಶುರುಮಾಡಿ ಟೈಫಾಯ್ಡ್ ಲಸಿಕೆಯನ್ನು ಮಕ್ಕಳ ಲಸಿಕೆ ಪಟ್ಟಿಗೆ ಸೇರಿಸಿತು.

ಕ್ಲಿನಿಕ್‌ನಲ್ಲಿ “ಟೈಫಾಯ್ಡ್ ಇಂಜೆಕ್ಷನ್” ಅಂದರೆ ಎರಡು ಬಗೆ ಸಿಗಬಹುದು. ಹಳೆಯದು ವಿಐ ಪಾಲಿಸ್ಯಾಕರೈಡ್. ಎರಡು ವರ್ಷ ದಾಟಿದವರಿಗೆ ಹಾಕುತ್ತಾರೆ, ರಕ್ಷಣೆ ಎರಡು ಮೂರು ವರ್ಷ, ಆಮೇಲೆ ಮತ್ತೆ ಹಾಕಿಸಬೇಕು. ಕೋಲ್ಕತ್ತಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದು ಶೇ. 61ರಷ್ಟು ರಕ್ಷಣೆ ಕೊಟ್ಟಿತ್ತು. ಹೊಸದು ಕಾಂಜುಗೇಟ್ ಲಸಿಕೆ, ಡಾಕ್ಟರು ಟಿಸಿವಿ ಎಂದು ಬರೆಯುತ್ತಾರೆ. ಆರು ತಿಂಗಳ ಮಗುವಿನಿಂದ ಹಿಡಿದು ಹಾಕಬಹುದು, ಒಂದೇ ಡೋಸ್. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟಿಸಿವಿ ಈ ಬಗೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಪಡೆದ ಮೊದಲ ಲಸಿಕೆ. 2018ರಲ್ಲಿ ನವಿ ಮುಂಬೈ ಮಹಾನಗರಪಾಲಿಕೆ ಮಕ್ಕಳಿಗೆ ಅಭಿಯಾನ ಮಾಡಿ ಹಾಕಿದ್ದು ಇದನ್ನೇ.

ಇದರ ರಕ್ಷಣೆ ಎಷ್ಟು? ನೇಪಾಳದ ಲಲಿತಪುರದಲ್ಲಿ ಸುಮಾರು 20,000 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಟೈಫಾಯ್ಡ್ ಲಸಿಕೆ ಪಡೆದ ಗುಂಪಿನಲ್ಲಿ ರಕ್ತಪರೀಕ್ಷೆಯಿಂದ ಖಚಿತವಾದ ಟೈಫಾಯ್ಡ್ 7 ಮಕ್ಕಳಿಗೆ ಬಂತು. ಬೇರೆ ಲಸಿಕೆ ಪಡೆದ ಗುಂಪಿನಲ್ಲಿ 38 ಮಕ್ಕಳಿಗೆ. ಲೆಕ್ಕ ಹಾಕಿದರೆ ಶೇ. 80ಕ್ಕೂ ಸ್ವಲ್ಪ ಮೇಲೆ. ಮಲಾವಿ, ಬಾಂಗ್ಲಾದೇಶದಲ್ಲೂ ಹೆಚ್ಚುಕಡಿಮೆ ಇದೇ ಫಲಿತಾಂಶ ಬಂದಿದೆ. ಅಂದರೆ ಲಸಿಕೆ ಇಲ್ಲದಿದ್ದರೆ ಹತ್ತು ಜನ ಮಲಗಬೇಕಾದಲ್ಲಿ ಇಬ್ಬರು ಮಲಗುತ್ತಾರೆ. “ಹಾಕಿಸಿಕೊಂಡರೂ ನಮ್ಮ ಭಾವನಿಗೆ ಬಂತು” ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಭಾವ ಆ ಇಬ್ಬರಲ್ಲಿ ಒಬ್ಬರಿರಬಹುದು.

ಅಥವಾ ಅವರಿಗೆ ಬಂದದ್ದು ಟೈಫಾಯ್ಡೇ ಅಲ್ಲದಿರಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರುಗಳ ಲ್ಯಾಬ್‌ಗಳಲ್ಲಿ ಜ್ವರ ಎಂದರೆ ಮೊದಲು ಮಾಡುವುದು ವಿಡಾಲ್ ಟೆಸ್ಟ್. 1896ರಿಂದ ಬಳಕೆಯಲ್ಲಿರುವ ಪರೀಕ್ಷೆ ಅದು. ಹಿಂದೆ ಎಂದೋ ಬಂದುಹೋದ ಸೋಂಕಿನಿಂದಲೂ, ಬೇರೆ ಕಾಯಿಲೆಗಳಿಂದಲೂ ಅದು ‘ಪಾಸಿಟಿವ್’ ತೋರಿಸುವುದುಂಟು. ಖಚಿತವಾಗಿ ಹೇಳಬಲ್ಲದ್ದು ಬ್ಲಡ್ ಕಲ್ಚರ್, ಅದನ್ನೂ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು. ಇನ್ನೊಂದು ಸಾಧ್ಯತೆ ಪ್ಯಾರಾಟೈಫಾಯ್ಡ್. ಲಕ್ಷಣಗಳು ಟೈಫಾಯ್ಡ್‌ನವೇ, ರೋಗಾಣು ಅದರ ದಾಯಾದಿ. ಇಂಜೆಕ್ಷನ್ ಲಸಿಕೆ ಗುರಿಯಿಡುವುದು ಟೈಫಾಯ್ಡ್ ರೋಗಾಣುವಿನ ಹೊರಗಿನ ‘ವಿಐ’ ಹೊದಿಕೆಯನ್ನು. ಪ್ಯಾರಾಟೈಫಾಯ್ಡ್ ಎ ರೋಗಾಣುವಿಗೆ ಆ ಹೊದಿಕೆಯೇ ಇಲ್ಲ. ಹಾಗಾಗಿ ಲಸಿಕೆ ಅದನ್ನು ತಡೆಯುವುದಿಲ್ಲ.

ಅಂದಹಾಗೆ, ಹೋಟೆಲ್ ಅಡುಗೆಯವರು, ಸಪ್ಲೈಯರ್‌ಗಳು ಕರುಳಿನ ರೋಗಗಳ ವಿರುದ್ಧ ಲಸಿಕೆ ಹಾಕಿಸಿಕೊಂಡಿರಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮ ಹೇಳುತ್ತದೆ. ಟೈಫಾಯ್ಡ್ ವಾಸಿಯಾದ ಕೆಲವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ರೋಗಾಣುವನ್ನು ಮಲದಲ್ಲಿ ಹೊರಹಾಕುತ್ತಲೇ ಇರುತ್ತಾರೆ. ಅವರಿಗೆ ತಾವು ಆರೋಗ್ಯವಾಗಿದ್ದೇವೆಂದೇ ಅನಿಸಿರುತ್ತದೆ. ಇಂಥ ನಿಯಮಕ್ಕೆ ಅದೂ ಒಂದು ಕಾರಣ.

“ಜಾಂಡೀಸ್ ಇಂಜೆಕ್ಷನ್ ಆಗಿದೆಯಲ್ಲ?”

ಆಗಿರುವುದು ಯಾವ ಜಾಂಡೀಸ್‌ನದು ಎಂದು ಕಾರ್ಡ್ ತೆಗೆದು ನೋಡಿ. ಹತ್ತಕ್ಕೆ ಒಂಬತ್ತು ಸಲ ಅದು ಹೆಪಟೈಟಿಸ್ ಬಿ ಆಗಿರುತ್ತದೆ ಎಂಬುದು ನಮ್ಮ ಅಂದಾಜು, ಏಕೆಂದರೆ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವುದು ಅದನ್ನೇ. ಹೆಪಟೈಟಿಸ್ ಬಿ ಹರಡುವುದು ರಕ್ತ, ಸೂಜಿ, ಲೈಂಗಿಕ ಸಂಪರ್ಕದಿಂದ, ಮತ್ತು ತಾಯಿಯಿಂದ ಮಗುವಿಗೆ. ನೀರಿನಿಂದ ಬರುವ ಕಾಮಾಲೆ ಬೇರೆ. ಅದಕ್ಕೆ ಕಾರಣ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಬಿ ಲಸಿಕೆ ಇವೆರಡನ್ನೂ ತಡೆಯುವುದಿಲ್ಲ.

ಹೆಪಟೈಟಿಸ್ ಎ ಲಸಿಕೆ ಖಾಸಗಿಯಲ್ಲಿ ಸಿಗುತ್ತದೆ. ಒಂದು ಬಗೆಯದ್ದಕ್ಕೆ ಆರು ತಿಂಗಳ ಮೇಲೆ ಎರಡನೇ ಡೋಸ್ ಬೇಕು, ಇನ್ನೊಂದು ಬಗೆಯದು ಒಂದೇ ಡೋಸ್. ಲಸಿಕೆಗಳ ಪೈಕಿ ಬಹಳ ದೀರ್ಘಕಾಲ ಬಾಳುವವುಗಳಲ್ಲಿ ಇದೊಂದು, ಇಪ್ಪತ್ತು ವರ್ಷಕ್ಕೂ ಮೇಲೆ. ಎರಡು ಡೋಸಿನದಾದರೂ ಮೊದಲ ಡೋಸೇ ಪ್ರವಾಸಕ್ಕೆ ಸಾಕಾಗುವಷ್ಟು ರಕ್ಷಣೆ ಕೊಡುತ್ತದೆ.

ಹೆಪಟೈಟಿಸ್ ಇ ಕತೆ ಅಷ್ಟು ಸಲೀಸಲ್ಲ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಪ್ರವಾಹದ ನಂತರ ನದಿಯ ಪಾತ್ರ ಬದಲಾಗಿ, ಕುಡಿಯುವ ನೀರು ಎತ್ತುವ ಜಾಗಕ್ಕೇ ಚರಂಡಿ ನೀರು ನುಗ್ಗಿತು. ನೀರು ಕೊಳಕಾಗಿದೆ ಎಂಬುದು ಸಿಬ್ಬಂದಿಗೆ ಗೊತ್ತಾಯಿತು, ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್‌ನಂಥ ಬ್ಯಾಕ್ಟೀರಿಯಾ ರೋಗಗಳು ಏರಲಿಲ್ಲ. ಆದರೆ ಕೆಲವು ವಾರ ಕಳೆದ ಮೇಲೆ ಊರಿಗೆ ಊರೇ ಹಳದಿಯಾಯಿತು. ಕಣ್ಣು ಹಳದಿಯಾದವರೇ ಸುಮಾರು 29,000 ಜನ. ಆಗ ಅದನ್ನು ಹೆಪಟೈಟಿಸ್ ಎ ಅಂದುಕೊಂಡಿದ್ದರು. ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ದಶಕಗಳ ಮೇಲೆ ಪರೀಕ್ಷಿಸಿದಾಗ ಅದು ಎ ಅಲ್ಲ, ಇ ಎಂದು ತಿಳಿಯಿತು. ಈ ವೈರಸ್ ಗರ್ಭಿಣಿಯರ ಮೇಲೆ ಬಹಳ ಕ್ರೂರ. ಕೊನೆಯ ತಿಂಗಳುಗಳಲ್ಲಿ ಸೋಂಕು ತಗುಲಿದರೆ ಐವರಲ್ಲಿ ಒಬ್ಬರವರೆಗೂ ಸಾವು ಕಂಡ ವರದಿಗಳಿವೆ. ಇದಕ್ಕೆ ಚೀನಾದಲ್ಲಿ 2011ರಲ್ಲಿ ಒಂದು ಲಸಿಕೆಗೆ ಪರವಾನಗಿ ಸಿಕ್ಕಿದೆ, 2022ರಲ್ಲಿ ದಕ್ಷಿಣ ಸುಡಾನ್‌ನ ನಿರಾಶ್ರಿತರ ಶಿಬಿರದಲ್ಲಿ ಬಳಸಿದ್ದಾರೆ. ನಮ್ಮಲ್ಲಿ ಯಾತ್ರೆಗೆ ಹೊರಟವರಿಗೆ ಹಾಕುವ ರೂಢಿ ಇಲ್ಲ. ಹಾಗಾಗಿ ಮನೆಯಲ್ಲಿ ಗರ್ಭಿಣಿ ಇದ್ದರೆ, ಅದರಲ್ಲೂ ಏಳು ತಿಂಗಳು ದಾಟಿದ್ದರೆ, ಜನಜಂಗುಳಿಯ ಯಾತ್ರೆಗೆ ಕರೆದೊಯ್ಯುವ ಮುನ್ನ ಅವರ ಡಾಕ್ಟರ ಹತ್ತಿರ ಮಾತಾಡಿ. “ಎಲ್ಲರೂ ಹೋಗುತ್ತಿದ್ದೀವಿ, ಅವಳನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗೋದು” ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ, ಗೊತ್ತು. ಅವರ ಜೊತೆ ಒಬ್ಬರು ಮನೆಯಲ್ಲಿ ಉಳಿಯಬಹುದು.

“ನಮ್ಮ ಹೊಟ್ಟೆ ಒಗ್ಗಿದೆ” — ಅರ್ಧ ನಿಜ

ಎರಡನೇ ಫಾರ್ವರ್ಡ್‌ನ ನಿಜದ ಚೂರು ಇಲ್ಲಿದೆ. ಹೆಪಟೈಟಿಸ್ ಎ ಒಮ್ಮೆ ಬಂದುಹೋದರೆ ಜೀವನಪೂರ್ತಿ ಮತ್ತೆ ಬರುವುದಿಲ್ಲ. ನಮ್ಮ ಅಜ್ಜಿ ತಾತಂದಿರ ತಲೆಮಾರಿನ ಬಹುತೇಕರಿಗೆ ಅದು ಮೂರು ನಾಲ್ಕು ವರ್ಷದ ಮಗುವಾಗಿದ್ದಾಗಲೇ ಬಂದುಹೋಗಿದೆ. ಪುಟ್ಟ ಮಕ್ಕಳಲ್ಲಿ ಹೆಚ್ಚಾಗಿ ಲಕ್ಷಣವೇ ಕಾಣದ್ದರಿಂದ ಯಾರಿಗೂ ಗೊತ್ತಾಗಿಲ್ಲ ಅಷ್ಟೇ. ಎಪ್ಪತ್ತು ದಾಟಿದ ಅಜ್ಜಿಗೆ ಈ ಲಸಿಕೆ ಬೇಕಾಗುವ ಸಂಭವ ಕಡಿಮೆ. ಅನುಮಾನವಿದ್ದರೆ ರಕ್ತದಲ್ಲಿ ಹೆಪಟೈಟಿಸ್ ಎ ಐಜಿಜಿ ಪರೀಕ್ಷೆ ಮಾಡಿಸಿ ನೋಡಬಹುದು.

ಅವರ ಮೊಮ್ಮಕ್ಕಳ ಹೊಟ್ಟೆ ಮಾತ್ರ ಒಗ್ಗಿಲ್ಲ. ಅಪಾರ್ಟ್‌ಮೆಂಟ್, ಫಿಲ್ಟರ್ ನೀರು, ಶುಚಿಯಾದ ಶೌಚಾಲಯದ ನಡುವೆ ಬೆಳೆದ ಮಕ್ಕಳು ಈ ವೈರಸ್ಸನ್ನು ಮೊದಲ ಸಲ ಎದುರಿಸುವುದು ಕಾಲೇಜಿಗೆ ಬಂದ ಮೇಲೆ, ಟ್ರಿಪ್ ಹೊರಟ ಮೇಲೆ. ವಯಸ್ಸು ಹೆಚ್ಚಿದಷ್ಟೂ ಈ ರೋಗ ಜೋರು. ಕೇರಳದಲ್ಲಿ ಇದು ಈಗ ಎದ್ದು ಕಾಣುತ್ತಿದೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ಕಲುಷಿತ ನೀರಿನಿಂದ ಇನ್ನೂರಕ್ಕೂ ಹೆಚ್ಚು ಜನ ಕಾಮಾಲೆಗೆ ಬಿದ್ದರು. ಶುಚಿತ್ವ ಹೆಚ್ಚಾದ ರಾಜ್ಯದಲ್ಲೇ ದೊಡ್ಡವರಿಗೆ ಕಾಮಾಲೆ ಜಾಸ್ತಿಯಾಗುವುದು ಕೇಳಲು ವಿಚಿತ್ರ. ಕಾರಣ ಮಾತ್ರ ಇದೇ, ಬಾಲ್ಯದಲ್ಲಿ ಬಂದುಹೋಗಿಲ್ಲ.

ಟೈಫಾಯ್ಡ್‌ಗೆ ಬಂದರೆ ‘ಒಗ್ಗುವ’ ಮಾತೇ ಇಲ್ಲ. ಒಮ್ಮೆ ಬಂದವರಿಗೂ ಮತ್ತೆ ಬರುತ್ತದೆ. ಇದು ಅಮೆರಿಕ, ಇಂಗ್ಲೆಂಡ್, ದುಬೈನಲ್ಲಿರುವ ನಮ್ಮವರಿಗೆ ಮುಖ್ಯ. ಅಲ್ಲಿ ಪತ್ತೆಯಾಗುವ ಟೈಫಾಯ್ಡ್‌ನ ಹೆಚ್ಚಿನ ಪಾಲು ಹೊರಗೆ ಹೋಗಿಬಂದವರದು, ಅದರಲ್ಲೂ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ತವರಿಗೆ ಬಂದು ಹೋದವರದು. ಪ್ಯಾಕೇಜ್ ಟೂರಿನ ಬಿಳಿಯರು ಟ್ರಾವೆಲ್ ಕ್ಲಿನಿಕ್‌ಗೆ ಹೋಗಿ ಲಸಿಕೆ ಹಾಕಿಸಿ ಬರುತ್ತಾರೆ. ನಮ್ಮವರು “ನಮ್ಮ ಮನೆಗೆ ಹೋಗೋಕೆ ಯಾವ ಲಸಿಕೆ” ಎಂದು ವಿಮಾನ ಹತ್ತುತ್ತಾರೆ. ಅಲ್ಲೇ ಹುಟ್ಟಿದ ಮಗು ಹಾಸನದ ಅಜ್ಜಿ ಮನೆಗೋ ಮೈಸೂರಿನ ಮದುವೆಗೋ ಬಂದು ತಿಂಗಳಿದ್ದು ಹೋಗುತ್ತದೆ. ಅದರ ಮಟ್ಟಿಗೆ ಇದು ಪರದೇಶ. ನಿಮ್ಮ ಗ್ರೂಪಿನಲ್ಲಿ ಅಂಥವರಿದ್ದರೆ ಈ ಭಾಗವನ್ನು ಕಳಿಸಿ.

ಕಾಲರಾ ಲಸಿಕೆ ಬೇಕೇ?

ಹಿರಿಯರಿಗೆ ನೆನಪಿರಬಹುದು, ಜಾತ್ರೆ ಮೇಳಗಳ ಬಾಗಿಲಲ್ಲೇ ಕಾಲರಾ ಸೂಜಿ ಚುಚ್ಚುತ್ತಿದ್ದ ಕಾಲವೊಂದಿತ್ತು. ಈ ಲಸಿಕೆಯ ಚರಿತ್ರೆ ನಮ್ಮ ನೆಲದ್ದೇ. ಹಾಫ್ಕಿನ್ 1894ರಲ್ಲಿ ಕಲ್ಕತ್ತೆಯ ಬಸ್ತಿಗಳಲ್ಲಿ ಅದನ್ನು ಹಾಕಿ ನೋಡಿದ್ದರು. ಆದರೆ ಆ ಇಂಜೆಕ್ಷನ್ನಿನ ರಕ್ಷಣೆ ಅರ್ಧಂಬರ್ಧ, ಅದೂ ಕೆಲವೇ ತಿಂಗಳು. ರೋಗ ಹರಡುವುದನ್ನು ಅದು ತಡೆಯುತ್ತಿರಲಿಲ್ಲ. 1973ರಲ್ಲಿ ವಿಶ್ವ ಆರೋಗ್ಯ ಸಭೆ ಪ್ರಯಾಣಿಕರಿಗೆ ಕಾಲರಾ ಸರ್ಟಿಫಿಕೇಟ್ ಕೇಳುವುದನ್ನೇ ನಿಯಮದಿಂದ ತೆಗೆಯಿತು. “ಕಾಲರಾ ಇಂಜೆಕ್ಷನ್ ಕಡ್ಡಾಯ” ಎಂಬ ಫಾರ್ವರ್ಡ್ ಐವತ್ತು ವರ್ಷ ಹಳೆಯ ಮಾತು.

ಈಗಿನದು ಬಾಯಿಗೆ ಹಾಕುವ ಲಸಿಕೆ. ಎರಡು ವಾರದ ಅಂತರದಲ್ಲಿ ಎರಡು ಡೋಸ್. ಕೋಲ್ಕತ್ತಾದ ಅಧ್ಯಯನದಲ್ಲಿ ಐದು ವರ್ಷದ ಮಟ್ಟಿಗೆ ಶೇ. 65 ರಕ್ಷಣೆ ಕಂಡಿದೆ. ಲಸಿಕೆ ಒಳ್ಳೆಯದೇ, ಆದರೆ ಸಾಮಾನ್ಯ ಯಾತ್ರಿಕರಿಗೆ, ಪ್ರವಾಸಿಗರಿಗೆ ಅದರ ಅಗತ್ಯ ಬೀಳುವುದಿಲ್ಲ. ಕಾಲರಾ ಹರಡಿರುವ ಕಡೆ ಪರಿಹಾರ ಕೆಲಸಕ್ಕೆ ಹೋಗುವವರಿಗೆ ಬೇಕು. ಜಗತ್ತಿನಲ್ಲಿ ದಾಸ್ತಾನು ಎಷ್ಟು ಕಡಿಮೆಯಿದೆಯೆಂದರೆ, 2022ರ ಅಕ್ಟೋಬರ್‌ನಿಂದ ರೋಗ ಹಬ್ಬಿದ ದೇಶಗಳಿಗೇ ಎರಡರ ಬದಲು ಒಂದು ಡೋಸ್ ಕೊಡುತ್ತಿದ್ದಾರೆ.

ಪೋಲಿಯೊ ಇಲ್ಲಿಗೇಕೆ ಬಂತು ಎಂದು ಕೇಳಬಹುದು. ಅದೂ ಮಲದಿಂದ ಬಾಯಿಗೆ ದಾಟುವ ವೈರಸ್ಸೇ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ವೈರಸ್ ಇನ್ನೂ ಇರುವ ಕೆಲವು ದೇಶಗಳಿಗೆ ಹೋಗಿಬರುವವರು, ಹಜ್‌ಗೆ ಹೊರಡುವವರು ದೊಡ್ಡವರಾದರೂ ಪೋಲಿಯೊ ಹನಿ ಹಾಕಿಸಿಕೊಳ್ಳಬೇಕಾಗುತ್ತದೆ. ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ ನಾಲ್ಕು ವಾರ ಮುಂಚೆ ಹಾಕಿಸಿರಬೇಕು. ದೇಶಗಳ ಪಟ್ಟಿ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವಾಗಲೇ ವಿಚಾರಿಸಿ. ಹಜ್ ಶಿಬಿರದಲ್ಲಿ ಹಾಕುವ ಮೆನಿಂಜೈಟಿಸ್ ಇಂಜೆಕ್ಷನ್ನಿಗೂ ಆಫ್ರಿಕಾಕ್ಕೆ ಹೋಗುವವರ ಯೆಲ್ಲೋ ಫೀವರ್ ಇಂಜೆಕ್ಷನ್ನಿಗೂ ನೀರಿನ ಸಂಬಂಧವಿಲ್ಲ. ಒಂದು ಉಸಿರಿನ ಹನಿಗಳಿಂದ, ಇನ್ನೊಂದು ಸೊಳ್ಳೆಯಿಂದ ಬರುವಂಥದ್ದು.

ತಾಮ್ರದ ಬಾಟಲಿ, ಪಟಿಕ, ನಿಂಬೆಹಣ್ಣು

ತಾಮ್ರದ ವಿಷಯದಲ್ಲಿ ನಗುವ ಹಾಗಿಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಟೈಫಾಯ್ಡ್, ಇ. ಕೋಲಿ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿಟ್ಟಾಗ ಅವು ಸತ್ತಿದ್ದವು. ಇಟ್ಟದ್ದು 16 ಗಂಟೆ. ಫಾರ್ವರ್ಡ್‌ನಲ್ಲಿ ಈ ‘16 ಗಂಟೆ’ ಉದುರಿಹೋಗಿರುತ್ತದೆ. ರೈಲ್ವೆ ಸ್ಟೇಷನ್ನಿನ ನಲ್ಲಿಯಿಂದ ಬಾಟಲಿ ತುಂಬಿಸಿ ಹತ್ತು ನಿಮಿಷಕ್ಕೆ ಕುಡಿದರೆ ಬಾಟಲಿ ತಾಮ್ರದ್ದಾದರೇನು, ಪ್ಲಾಸ್ಟಿಕ್ಕಿನದ್ದಾದರೇನು. ಪಟಿಕ ನೀರನ್ನು ತಿಳಿಯಾಗಿಸುತ್ತದೆ, ರೋಗಾಣುವನ್ನು ಕೊಲ್ಲುತ್ತದೆಂದು ನಂಬಿ ಕುಡಿಯುವಂತಿಲ್ಲ. ನಿಂಬೆ, ಬೆಳ್ಳುಳ್ಳಿ ಊಟಕ್ಕೆ ರುಚಿ.

ಕುದಿಸುವುದಕ್ಕೆ ಸಮ ಇನ್ನೊಂದಿಲ್ಲ. ಬಯಲುಸೀಮೆಯಲ್ಲಿ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರ್ ಮೇಲೆ ಮೂರು ನಿಮಿಷ. ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ.

ಇನ್ನು ಗಂಗಾತೀರ್ಥ. 2025ರ ಮಹಾಕುಂಭದ ವೇಳೆ ಪ್ರಯಾಗದ ನೀರು ಹಲವು ದಿನ ಸ್ನಾನದ ಮಾನದಂಡಕ್ಕೂ ತಕ್ಕುದಾಗಿರಲಿಲ್ಲವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತ್ತು. ಭಕ್ತಿಯ ಲೆಕ್ಕ ಬೇರೆ, ಅದರಲ್ಲಿ ನಾವು ತಲೆಹಾಕುವುದಿಲ್ಲ. ಮುಳುಗುವಾಗ ಬಾಯಿ ಮುಚ್ಚಿಕೊಳ್ಳುವುದು, ಊರಿಗೆ ಬಂದು ಸಮಾರಾಧನೆ ಮಾಡುವಾಗ ಕಾಶಿಯಿಂದ ತಂದ ಗಿಂಡಿಯ ನೀರನ್ನು ಎಳೆ ಮಕ್ಕಳಿಗೆ, ಗರ್ಭಿಣಿಗೆ ತಲೆಗಷ್ಟೇ ಪ್ರೋಕ್ಷಣೆ ಮಾಡುವುದು, ಇಷ್ಟಕ್ಕೆ ಯಾವ ಶಾಸ್ತ್ರವೂ ಅಡ್ಡಬರಲಾರದು.

ಹೊರಡುವ ಮುಂಚೆ, ಬಂದ ಮೇಲೆ

ಟೈಫಾಯ್ಡ್ ಇಂಜೆಕ್ಷನ್ನನ್ನು ಕನಿಷ್ಠ ಎರಡು ವಾರ ಮುಂಚೆ ಹಾಕಿಸಿ. ಹೆಪಟೈಟಿಸ್ ಎ ಎರಡರಿಂದ ನಾಲ್ಕು ವಾರ ಮುಂಚೆ ಆದರೆ ಚೆನ್ನ, ತಡವಾದರೂ ಹಾಕಿಸಬಹುದು. ಎರಡನ್ನೂ ಒಂದೇ ದಿನ ಬೇರೆಬೇರೆ ತೋಳಿಗೆ ಕೊಡುತ್ತಾರೆ. ಟಿಸಿವಿಗೂ ಹೆಪಟೈಟಿಸ್ ಎಗೂ ಖಾಸಗಿಯಲ್ಲಿ ಡೋಸಿಗೆ ಸಾವಿರ ರೂಪಾಯಿ ದಾಟುತ್ತದೆ. ಐದು ಜನರ ಮನೆಗೆ ಅದು ಸಣ್ಣ ಮೊತ್ತವಲ್ಲ. ದುಡ್ಡು ಎಲ್ಲರಿಗೂ ಸಾಲದಿದ್ದರೆ ಟೈಫಾಯ್ಡ್ ಮೊದಲು, ಅದರಲ್ಲೂ ಮಕ್ಕಳಿಗೆ ಮತ್ತು ಹರೆಯದವರಿಗೆ ಮೊದಲು ಎಂಬುದು ನಮ್ಮ ಅಭಿಪ್ರಾಯ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಗರ್ಭಿಣಿಯರು ಯಾವ ಲಸಿಕೆಯನ್ನೂ ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಹಾಕಿಸಿದ ಮೇಲೆ ಹೆಸರು, ತಾರೀಖು ಇರುವ ಚೀಟಿಯ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಪೂರ್ತಿ ಒಂದು. ಲೋಟಕ್ಕೆ ಸುರಿದು ಕಲಸಿದರೆ ಉಪ್ಪು ಅತಿಯಾಗಿ ಮಕ್ಕಳಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳು ‘ಓಆರ್‌ಎಸ್’ ಎಂದು ಹೆಸರಿಟ್ಟುಕೊಳ್ಳಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ.

ಊರಿಗೆ ಬಂದ ಮೇಲೆ ಕೇಳಿಬರುವ ಒಂದು ಮಾತಿದೆ: “ಬಂದು ಇಪ್ಪತ್ತು ದಿನ ಆಯ್ತು, ಇದು ಅಲ್ಲಿಯ ನೀರಿನದ್ದಲ್ಲ.” ಟೈಫಾಯ್ಡ್ ಸೋಂಕು ತಗುಲಿ ಜ್ವರ ಕಾಣಲು ಒಂದರಿಂದ ಮೂರು ವಾರ ಹಿಡಿಯಬಹುದು. ಹೆಪಟೈಟಿಸ್ ಎಗೆ ಎರಡರಿಂದ ಏಳು ವಾರ. ಮೂರು ದಿನ ಬಿಡದ ಜ್ವರ, ಊಟ ಸೇರದಿರುವುದು, ಮೂತ್ರ ಕಡು ಹಳದಿಯಾಗುವುದು ಕಂಡರೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತರುವ ಮೊದಲು ಡಾಕ್ಟರ ಹತ್ತಿರ ಹೋಗಿ. ಎಲ್ಲಿಗೆ ಹೋಗಿದ್ದಿರಿ, ಯಾವಾಗ ಬಂದಿರಿ, ಯಾವ ಲಸಿಕೆ ಹಾಕಿಸಿದ್ದಿರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ, ಅದಕ್ಕೂ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ಕೊಡಬೇಕೇ ಎಂದು ಕೇಳಿ.